"ಪಾಪ, ಕಿವಿ ಕೇಳದವನು ಹೇಗೆ ಆಡಿದ?" ಅಂತ ಕೇಳುವವರಿಗೆ

ಬೇಸ್‌ಬಾಲ್ ಆಟಗಾರ ವಿಲಿಯಂ ಹೋಯ್ ಬಗ್ಗೆ ತಾನೇ? ಚೆನ್ನಾಗಿ ಆಡಿದ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಹೇಳಿ ಹೇಳಿ ಬಾಯಿ ಸೋತಿದೆ.

ವಿಲಿಯಂ ಹೋಯ್ ಅಮೆರಿಕದ ಒಹಾಯೋದವನು. ಹುಟ್ಟಿದ್ದು 1862ರಲ್ಲಿ. ಮೂರು ವರ್ಷದವನಿದ್ದಾಗ ಮಿದುಳು ಜ್ವರ ಬಂದು ಕಿವಿ ಹೋಯಿತು. ಕೊಲಂಬಸ್‌ನ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದ, ಶೂ ಹೊಲಿಯುವ ಕೆಲಸ ಮಾಡಿದ. 1888ರಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದವನು ದೊಡ್ಡ ಲೀಗ್‌ಗಳಲ್ಲಿ 14 ಸೀಸನ್ ಬೇಸ್‌ಬಾಲ್ ಆಡಿದ. ನಿಲ್ಲಿಸಿದ್ದು 1902ರಲ್ಲಿ. ಚೆಂಡು ಹೊಡೆದು ಔಟಾಗದೆ ಬೇಸ್, ಅಂದರೆ ಓಟದ ನಿಲ್ದಾಣ, ಮುಟ್ಟಿದರೆ ಅದು ಹಿಟ್. ಅವನ ಹಿಟ್‌ಗಳು 2,000ಕ್ಕೂ ಜಾಸ್ತಿ.

ನನಗೆ ಸಿಟ್ಟು ಬರೋದು ಪ್ರಶ್ನೆಗಲ್ಲ, ಅದರ ಮುಂದೆ ಅಂಟಿಕೊಂಡು ಬರುವ 'ಪಾಪ'ಕ್ಕೆ. ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಯವರು ಸಾರನ್ನ ಕಲಸುತ್ತಾ, "ಪಾಪ, ಕನಿಕರಪಟ್ಟು ಸೇರಿಸಿಕೊಂಡಿರಬೇಕು ಅಲ್ವಾ?" ಅಂದರು. ಕೈಯಲ್ಲಿದ್ದ ತುತ್ತು ಎಲೆಗಿಟ್ಟೆ. ಹಪ್ಪಳ ಮೆತ್ತಗಾಗುವವರೆಗೂ ಮಾತಾಡಿದೆ. ಕನಿಕರಕ್ಕೆ ಯಾರಾದರೂ 14 ಸೀಸನ್ ಸಂಬಳ ಕೊಡ್ತಾರಾ ಸ್ವಾಮಿ?

ಮೊದಲ ಸೀಸನ್‌ನಲ್ಲೇ 82 ಬೇಸ್ ಕದ್ದ, ಅಂದರೆ ಜೊತೆಗಾರನ ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಸೇರಿಕೊಂಡ. ಆ ವರ್ಷ ಲೀಗ್‌ನಲ್ಲಿ ಅವನೇ ಮೊದಲಿಗ. ಆಗ ಬೇಸ್ ಕದ್ದ ಲೆಕ್ಕ ಈಗಿನಷ್ಟು ಬಿಗಿಯಾಗಿರಲಿಲ್ಲ, ನಿಜ. ಆದರೆ ಆ ಸಡಿಲ ಎಲ್ಲರಿಗೂ ಇತ್ತು! 1889ರ ಜೂನ್ 19ರಂದು ಔಟ್‌ಫೀಲ್ಡ್‌ನಿಂದ, ಅಂದರೆ ಮೈದಾನದ ದೂರದ ಭಾಗದಿಂದ ಎಸೆದು, ಒಂದೇ ಪಂದ್ಯದಲ್ಲಿ ಮೂವರನ್ನು ಹೋಮ್ ಪ್ಲೇಟ್‌ನಲ್ಲಿ, ರನ್ ಗಳಿಸಲು ಮುಟ್ಟಬೇಕಾದ ಕೊನೆಯ ಜಾಗದಲ್ಲಿ, ಔಟ್ ಮಾಡಿಸಿದ.

ಪೇಪರ್‌ನವರು ಅವನನ್ನು 'ಡಮ್ಮಿ' ಹೋಯ್ ಅಂತ ಬರೆದರು. ಡಮ್ಮಿ ಅಂದರೆ ಮೂಗ. ಅವನೂ ಆ ಹೆಸರನ್ನು ಒಪ್ಪಿಕೊಂಡ. ನನಗಂತೂ ಹಾಗೆ ಕರೆಯೋಕೆ ಮನಸ್ಸು ಬರಲ್ಲ.

ಇನ್ನೂ ಕೆಲವರು, "ಅಂಪೈರ್ ಕೈಸನ್ನೆ ಶುರುವಾಗಿದ್ದೇ ಅವನಿಂದಂತೆ?" ಅಂತಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಅವನು ಬ್ಯಾಟ್ ಹಿಡಿದಾಗ ಬಂದದ್ದು ಬಾಲೋ (ಸರಿಯಲ್ಲದ ಎಸೆತ) ಸ್ಟ್ರೈಕೋ (ಬ್ಯಾಟ್ ಹಿಡಿದವನ ವಿರುದ್ಧ ಲೆಕ್ಕಕ್ಕೆ ಬರುವ ಎಸೆತ) ಅಂತ ಮೂರನೇ ಬೇಸ್ ಹತ್ತಿರ ನಿಂತ ಕೋಚ್ ಸನ್ನೆ ಮಾಡಿ ತಿಳಿಸುತ್ತಿದ್ದ. ಅಷ್ಟು ಮಾತ್ರ ಖಾತ್ರಿ.

ಅದರ ಬದಲು, ಕಿವಿ ಕೇಳುವ ಜೊತೆಗಾರರು ಅವನ ಜೊತೆ ಹೇಗೆ ಆಡಿದರು ಅಂತ ಯಾರಾದರೂ ಕೇಳಬಾರದಾ? ಎತ್ತರದ ಕ್ಯಾಚ್‌ಗೆ ಇಬ್ಬರು ಓಡಿದರೆ "ನಂದು, ನಂದು" ಅಂತ ಕೂಗುತ್ತೇವಲ್ಲ, ಅದು ಅವನಿಗೆ ಕೇಳಿಸಲ್ಲ. ಡಿಕ್ಕಿ ಹೊಡೆದರೆ ಮೂಳೆ ಮುರಿಯುತ್ತೆ. ಹೋಯ್ ವಾಷಿಂಗ್ಟನ್‌ನಲ್ಲಿ ಬರೆದು ತಿಳಿಸಿಬಿಟ್ಟ: ಚೆಂಡು ನನ್ನದಾದರೆ ನಾನು ಕೂಗುತ್ತೇನೆ, ಕೂಗದಿದ್ದರೆ ಅದು ನಿಮ್ಮದು. ಮುಂದೆ ಲೂಯಿವಿಲ್‌ನಲ್ಲಿ ಅವನ ಜೊತೆ ಆಡಿದ ಟಾಮಿ ಲೀಚ್‌ಗೆ ಮುದಿ ವಯಸ್ಸಿನಲ್ಲೂ ಆ ದನಿ ನೆನಪಿತ್ತು. ಗಂಟಲಿಂದ ಹೊರಡುವ ಸಣ್ಣ ಕೀಚಲು. ಅದು ಕೇಳಿದರೆ ಸಾಕು, ಚೆಂಡಿನ ಕೆಳಗೆ ಹೋಯ್ ಇದ್ದಾನೆ ಅಂತ ಲೆಕ್ಕ. ಉಳಿದವರು ಸುಮ್ನೆ ನಿಲ್ಲುತ್ತಿದ್ದರು. ಮೈದಾನದಲ್ಲಿ ಎಲ್ಲರಿಗೂ ಕೇಳುತ್ತಿದ್ದ ಆ ದನಿ ಕೇಳಿಸದೆ ಇದ್ದದ್ದು ಅವನೊಬ್ಬನಿಗೆ.

ಅವನ ಮನೆಯ ವಿಷಯವನ್ನೂ ಲೀಚ್ ಹೇಳಿದ್ದಾನೆ. ಹೆಂಡತಿ ಆನಾಗೂ ಕಿವಿ ಕೇಳುತ್ತಿರಲಿಲ್ಲ. ಬಾಗಿಲಿಗೆ ಗಂಟೆಯ ಬದಲು ಒಂದು ಗುಬುಟು. ಬಂದವರು ಅದನ್ನು ಎಳೆದರೆ ಒಳಗೆ ಮರದ ಜಾರುದಾರಿಯಲ್ಲಿ ಸೀಸದ ಗುಂಡು ಉರುಳಿ ನೆಲಕ್ಕೆ ದೊಪ್ಪನೆ ಬೀಳುತ್ತಿತ್ತು. ನೆಲ ಅದುರಿದ್ದು ಅಂಗಾಲಿಗೆ ತಾಗುತ್ತಿತ್ತು. ಗಂಡನೋ ಹೆಂಡತಿಯೋ ಎದ್ದು ಬಂದು ಬಾಗಿಲು ತೆಗೆಯುತ್ತಿದ್ದರು.