ಹಳೆಯ ಇವೊಗೆ ಯಾವ ಕ್ಯಾಮ್ ಹಾಕಿಸಬೇಕು?

ಮಿತ್ಸುಬಿಶಿ ಲ್ಯಾನ್ಸರ್ ಇವೊಲ್ಯೂಷನ್ 8 ನನ್ನ ಬಳಿ ಇದೆ ಎಂದು ತಿಳಿದವರು ಕೇಳುವುದು ಬಹುಪಾಲು ಒಂದೇ ಪ್ರಶ್ನೆ: "264 ಕ್ಯಾಮ್ ಹಾಕಿಸಲೇ, 272 ಹಾಕಿಸಲೇ?" ಕ್ಯಾಮ್ ಎಂದರೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್. ಅಮೆರಿಕದಲ್ಲಿ ಈ ಕಾರು ಸೆಕೆಂಡ್ ಹ್ಯಾಂಡ್ ಕೊಂಡ ಕನ್ನಡಿಗ ಗೆಳೆಯರಂತೂ ಕೀಲಿಕೈ ಕೈಗೆ ಬಂದ ವಾರದಲ್ಲೇ ಇದನ್ನು ಕೇಳುತ್ತಾರೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯ ಟರ್ಬೊ (ಹೊಗೆಯ ಬಲದಿಂದ ಎಂಜಿನ್ನಿಗೆ ಗಾಳಿ ತುರುಕುವ ಸಾಧನ) ಹಾಗೇ ಇದ್ದು, ಕಾರು ದಿನವೂ ಊರೊಳಗೆ ಓಡುವುದಾದರೆ 264. ಅದೇ ಟರ್ಬೊ ಇಟ್ಟುಕೊಂಡು, ಟ್ರ್ಯಾಕ್‌ನಲ್ಲಿ 5,500 ಆರ್‌ಪಿಎಂ ಮೇಲೆಯೇ ಹೆಚ್ಚು ಹೊತ್ತು ಓಡಿಸುವವರಾದರೆ 272. ದೊಡ್ಡ ಟರ್ಬೊ ಕೂರಿಸುವವರೆಗೆ 280ರ ಯೋಚನೆಯೇ ಬೇಡ.

ಈ ಕಾರಿನ 4ಜಿ63 ಎಂಜಿನ್ ಮೇಲೆ ನನಗೆ ಅಪಾರ ಗೌರವ. ಎರಡು ಲೀಟರ್, ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್. 1992ರ ಮೊದಲ ಇವೊದಿಂದ ಒಂಬತ್ತನೆಯದರವರೆಗೂ ಇದೇ ಎಂಜಿನ್. 1996ರಿಂದ 1999ರವರೆಗೆ ಟಾಮಿ ಮ್ಯಾಕಿನೆನ್ ಸತತ ನಾಲ್ಕು ಬಾರಿ ವಿಶ್ವ ರ್‍ಯಾಲಿ ಚಾಂಪಿಯನ್ ಆದದ್ದು ಇದರ ಬಲದಿಂದಲೇ. ಇಂಥ ಎಂಜಿನ್ನಿಗೆ ಕೈ ಹಾಕುವಾಗ ಅವಸರ ಸಲ್ಲದು.

264, 272 ಎಂಬ ಸಂಖ್ಯೆಗಳು ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಡಿಗ್ರಿಗಳಲ್ಲಿ ಹೇಳುತ್ತವೆ. ಆದರೆ ಎಣಿಕೆ ಎಲ್ಲಿಂದ ಶುರುವಾಗುತ್ತದೆ? ವಾಲ್ವ್ ಕದಲಿದ ಕೂಡಲೇ ಒಬ್ಬರು ಎಣಿಸುತ್ತಾರೆ, ಒಂದು ಮಿಲಿಮೀಟರ್ ಎದ್ದ ಮೇಲೆ ಇನ್ನೊಬ್ಬರು, 1.27 ಮಿಲಿಮೀಟರ್ ಎದ್ದ ಮೇಲೆ ಮತ್ತೊಬ್ಬರು. ಹೀಗಾಗಿ ಒಂದು ಕಂಪನಿಯ 264 ಇನ್ನೊಂದು ಕಂಪನಿಯ 272ಕ್ಕಿಂತ ಉಗ್ರವಾಗಿರಬಹುದು. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ಬಿಟ್ಟು ಅಳತೆಗಳ ಪಟ್ಟಿಯಾದ ಕ್ಯಾಮ್ ಕಾರ್ಡ್ ಕೇಳಿ ಪಡೆಯಿರಿ. ಒಂದೇ ಎತ್ತರದಲ್ಲಿ ಅಳೆದ ಡ್ಯೂರೇಷನ್ (ವಾಲ್ವ್ ತೆರೆದಿರುವ ಅವಧಿ), ಗರಿಷ್ಠ ಲಿಫ್ಟ್ (ವಾಲ್ವ್ ಏಳುವ ಎತ್ತರ), ಕ್ಯಾಮಿನ ಉಬ್ಬುಗಳಾದ ಲೋಬ್‌ಗಳ ಮಧ್ಯಬಿಂದು ಅದರಲ್ಲಿರಬೇಕು. ಇವನ್ನು ಕೊಡದ ಕಂಪನಿಯ ಕ್ಯಾಮನ್ನು ನಾನು ಕೊಳ್ಳುವುದಿಲ್ಲ.

ಇನ್ನು ಟರ್ಬೊ ಕಾರುಗಳಿಗೇ ವಿಶೇಷವಾದ ಸಂಗತಿಗೆ ಬರುತ್ತೇನೆ. ಟರ್ಬೊ ಇಲ್ಲದ ಎಂಜಿನ್ನಿನ ಪಾಠವನ್ನು ಇಲ್ಲಿ ಹಾಗೇ ಅನ್ವಯಿಸಿದರೆ ದಾರಿ ತಪ್ಪುತ್ತದೆ. ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ಮುಚ್ಚುವ ಮೊದಲೇ ಗಾಳಿ ತರುವ ಇಂಟೇಕ್ ವಾಲ್ವ್ ತೆರೆದುಕೊಂಡು, ಎರಡೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಇದೇ ಓವರ್‌ಲ್ಯಾಪ್. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹೊರಗೆ ಓಡುವ ಹೊಗೆ ಹೊಸ ಗಾಳಿಯನ್ನು ತನ್ನ ಹಿಂದೆ ಸೆಳೆದುಕೊಳ್ಳುತ್ತದೆ. ಚಿಕ್ಕ ಟರ್ಬೊ ಇದ್ದರೆ ಹೊಗೆಗೆ ಹೊರಗೋಡುವ ದಾರಿಯೇ ಇಕ್ಕಟ್ಟು. ಹೊಗೆಯಿಂದ ತಿರುಗುವ ಟರ್ಬೊದ ಚಕ್ರ, ಅಂದರೆ ಟರ್ಬೈನ್, ಅದನ್ನು ತಡೆದು ನಿಲ್ಲಿಸಿರುತ್ತದೆ. ಹೆಚ್ಚಿನ ಆರ್‌ಪಿಎಂನಲ್ಲಿ ಹೊಗೆ ಕೂಡುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒತ್ತಡ, ಟರ್ಬೊ ಒಳಗೆ ತುರುಕುವ ಗಾಳಿಯ ಒತ್ತಡವಾದ ಬೂಸ್ಟಿನ ಒಂದೂವರೆ ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಆಗುವುದುಂಟು. ಜಾತ್ರೆಯ ದಿನ ಬಾಗಿಲ ಆಚೆ ಜನ ಕಿಕ್ಕಿರಿದಿದ್ದರೆ, ಬಾಗಿಲು ತೆರೆದಷ್ಟು ಹೊತ್ತೂ ಹೊರಗಿದ್ದವರೇ ಒಳಗೆ ನುಗ್ಗುತ್ತಾರಲ್ಲವೇ? ಹೊಗೆಯದೂ ಅದೇ ಕಥೆ. ಸಿಲಿಂಡರಿನಲ್ಲಿ ಉಳಿದ ಬಿಸಿ ಅನಿಲ ಹೊಸ ಗಾಳಿಯ ಜಾಗ ತಿನ್ನುತ್ತದೆ, ನಾಕ್ (ಇಂಧನ ತಾನಾಗಿಯೇ ಹೊತ್ತಿ ಬಡಿಯುವುದು) ಹೆಚ್ಚುತ್ತದೆ, ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಎಳೆದು ಕಿಡಿಯನ್ನು ತಡವಾಗಿ ಹಾರಿಸಬೇಕಾಗುತ್ತದೆ. ದೊಡ್ಡ ಕ್ಯಾಮ್ ಹಾಕಿಸಿ ಶಕ್ತಿ ಕಳೆದುಕೊಳ್ಳುವುದು ಹೀಗೆ. ಟರ್ಬೈನ್ ಹೌಸಿಂಗ್ ದೊಡ್ಡದಾಗಿ, ಎರಡೂ ಕಡೆಯ ಒತ್ತಡ ಸಮಸಮ ಬಂದಾಗ ಮಾತ್ರ ಉದ್ದ ಓವರ್‌ಲ್ಯಾಪ್ ಫಲ ಕೊಡುತ್ತದೆ. ಆದ್ದರಿಂದ ಮೊದಲು ಟರ್ಬೊ ಯಾವುದೆಂದು ತೀರ್ಮಾನಿಸಿ, ಕ್ಯಾಮ್ ಆಮೇಲೆ.

ಇಂಟೇಕ್ ವಾಲ್ವ್ ಮುಚ್ಚುವ ಕ್ಷಣವೂ ಅಷ್ಟೇ ಮುಖ್ಯ. ಉದ್ದ ಡ್ಯೂರೇಷನ್ ಎಂದರೆ ಅದು ತಡವಾಗಿ ಮುಚ್ಚುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ, ಮೇಲೇರುತ್ತಿರುವ ಪಿಸ್ಟನ್ ಒಳಬಂದ ಗಾಳಿಯನ್ನು ಸ್ವಲ್ಪ ಹಿಂದಕ್ಕೇ ತಳ್ಳಿಬಿಡುತ್ತದೆ. ಈ ಎಂಜಿನ್ನಿನ ಕಂಪ್ರೆಷನ್ ಅನುಪಾತವೇ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಬರೀ 8.8. ಅದನ್ನೂ ಹೀಗೆ ಪೋಲು ಮಾಡಿದರೆ ಬೂಸ್ಟ್ ಬರುವವರೆಗೆ ಕಾರು ಮಂಕಾಗಿರುತ್ತದೆ, ಬೂಸ್ಟ್ ಬರುವುದೂ ಕೆಲವು ನೂರು ಆರ್‌ಪಿಎಂ ತಡವಾಗುತ್ತದೆ. ಹೊಂದಿಸಬಲ್ಲ ಕ್ಯಾಮ್ ಗೇರ್ ಹಾಕಿ ಇಂಟೇಕನ್ನು ಎರಡು-ಮೂರು ಡಿಗ್ರಿ ಮುಂದಕ್ಕೆ ತಂದರೆ ಕಳೆದದ್ದರಲ್ಲಿ ಒಂದಷ್ಟು ಮರಳುತ್ತದೆ, ಆದರೆ ಓವರ್‌ಲ್ಯಾಪ್ ಕೂಡ ಹೆಚ್ಚುತ್ತದೆ. ಇವೊ 9 ಇಟ್ಟುಕೊಂಡವರು ಅದೃಷ್ಟವಂತರು. ಅದರ ಮೈವೆಕ್ ವ್ಯವಸ್ಥೆ ಇಂಟೇಕ್ ಕ್ಯಾಮನ್ನು ಓಡುವಾಗಲೇ ಹಿಂದೆ ಮುಂದೆ ಸರಿಸುತ್ತದೆ, ಹೀಗಾಗಿ 272 ಅಲ್ಲಿ ಹೆಚ್ಚು ಸೌಮ್ಯ. ಎಂಟರ ಇಂಟೇಕ್ ಕ್ಯಾಮ್ ಒಂಬತ್ತಕ್ಕೆ ಕೂರುವುದಿಲ್ಲ, ಕೊಳ್ಳುವಾಗ ನೋಡಿಕೊಳ್ಳಿ.

"ವಾಲ್ವ್ ಮುಚ್ಚುವ ಹಳೆಯ ಸ್ಪ್ರಿಂಗ್ ಸಾಲದೇ?" ಎಂದು ಉಳಿತಾಯದ ಲೆಕ್ಕದಲ್ಲಿ ಕೇಳುತ್ತಾರೆ. ಇಂಟೇಕ್ ವಾಲ್ವಿನ ವ್ಯಾಸ 34 ಮಿಲಿಮೀಟರ್. 1.5 ಬಾರ್ ಬೂಸ್ಟ್ ಅದರ ಬೆನ್ನಿಗೆ ಸುಮಾರು 14 ಕಿಲೋ ಭಾರದಷ್ಟು ಬಲ ಹಾಕಿ, ಮುಚ್ಚಬೇಕಾದ ವಾಲ್ವನ್ನು ತೆರೆಯಲು ತಳ್ಳುತ್ತಿರುತ್ತದೆ. ಇಪ್ಪತ್ತು ವರ್ಷ ಬಿಸಿಯುಂಡ ಸ್ಪ್ರಿಂಗ್ ಇದನ್ನೂ ತಡೆದು, ಹೆಚ್ಚಿದ ಲಿಫ್ಟನ್ನೂ, ಏರಿದ ಆರ್‌ಪಿಎಂ ಅನ್ನೂ ನಿಭಾಯಿಸಲಿ ಎಂದು ನಿರೀಕ್ಷಿಸುವುದು ತಪ್ಪು. ಕ್ಯಾಮ್ ತಯಾರಿಸಿದವರು ಸೂಚಿಸಿದ ಸ್ಪ್ರಿಂಗ್ ಮತ್ತು ಅದನ್ನು ಹಿಡಿದಿಡುವ ರಿಟೇನರ್ ಜೊತೆಗೇ ಬರಲಿ. ಅದಕ್ಕೆ ಹಣ ಸಾಲದಿದ್ದರೆ ಕ್ಯಾಮನ್ನೂ ಮುಂದೂಡಿ. ಬಿಚ್ಚುವ ಮೊದಲು ಕಂಪ್ರೆಷನ್ ಪರೀಕ್ಷೆ ಆಗಲೇಬೇಕು. ಒಂದು ಸಿಲಿಂಡರ್ ಸೋತಿದ್ದರೆ ಹಣ ಮೊದಲು ಅಲ್ಲಿಗೆ ಹೋಗಲಿ.

ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನ ಟ್ಯೂನಿಂಗ್ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೊಸ ಕ್ಯಾಮ್ ಬಂದರೆ ಐಡಲ್ ನಿರ್ವಾತ (ಕಾರು ನಿಂತು ಎಂಜಿನ್ ಓಡುವಾಗ ಗಾಳಿ ಸೆಳೆಯುವ ಬಲ) ಕುಗ್ಗುತ್ತದೆ, ಗಾಳಿ ಅಳೆಯುವ ಸೆನ್ಸರ್ ಗೊಂದಲಕ್ಕೆ ಬೀಳುತ್ತದೆ. ಕಾನೂನೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಏರ್ ರಿಸೋರ್ಸಸ್ ಬೋರ್ಡಿನ ವಿನಾಯಿತಿ ಸಂಖ್ಯೆ ಇಲ್ಲದ ಕ್ಯಾಮ್ ರಸ್ತೆಗೆ ಸಲ್ಲದು. ಭಾರತದಲ್ಲಿ ವಾಹನದ ಬದಲಾವಣೆಗೆ ಸಂಬಂಧಿಸಿದ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಂಡು ಮುಂದುವರಿಯಿರಿ.

ಜೋಡಿಸುವ ಕೆಲಸಕ್ಕೆ ಈ ಎಂಜಿನ್ ಬಲ್ಲ ಕೈಯೇ ಬೇಕು. ಕ್ರ್ಯಾಂಕ್ ಮತ್ತು ಕ್ಯಾಮನ್ನು ಒಟ್ಟಿಗೆ ತಿರುಗಿಸುವ ಟೈಮಿಂಗ್ ಬೆಲ್ಟ್ ತಪ್ಪಿದರೆ ಇದರ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಹೇಗೂ ಬಿಚ್ಚಿರುವಾಗ ಟೈಮಿಂಗ್ ಬೆಲ್ಟ್, ಟೆನ್ಷನರ್, ಜೊತೆಗೆ ಬ್ಯಾಲೆನ್ಸ್ ಶಾಫ್ಟಿನ ಚಿಕ್ಕ ಬೆಲ್ಟ್ ಮೂರನ್ನೂ ಹೊಸದು ಹಾಕಿಸಿ. ಆ ಚಿಕ್ಕದು ಹರಿದು ದೊಡ್ಡದಕ್ಕೆ ಸಿಕ್ಕಿಕೊಂಡು ಹಾಳಾದ ಎಂಜಿನ್ನುಗಳು ಬಹಳ. ಎಲ್ಲ ಕೂಡಿಸಿದ ಮೇಲೆ ಸ್ಟಾರ್ಟರ್ ಮುಟ್ಟುವ ಮುನ್ನ ಕ್ರ್ಯಾಂಕನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದವೇ ನೋಡಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸಿ, ಬೆಲ್ಟ್ ಬಿಚ್ಚಿ ಮೊದಲಿನಿಂದ ಜೋಡಿಸಲು ಹೇಳಿ.