ಬೀನ್ಸ್ ಅಜ್ಜಿಯದ್ದೇ

ಟೆಕ್ಸಾಸ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮೆಕ್ಸಿಕೋದ ಮಾಂಟೆರೆ ಕಡೆಯವರು. ನೆಂಟರು ಸೇರಿದರೆ ಕೆಂಡದ ಮೇಲೆ ಮಾಂಸ ಸುಡುವ ಕೆಲಸ ಗಂಡಸರದ್ದು. ಬೀನ್ಸ್ ಮಾತ್ರ ಅಜ್ಜಿಯದ್ದೇ. ರಾಜ್ಮಾದಂಥ ಪಿಂಟೋ ಕಾಳು, ಈರುಳ್ಳಿ, ಬೆಳ್ಳುಳ್ಳಿ, ನೀರು, ಸಣ್ಣ ಉರಿ, ಎರಡು-ಮೂರು ಗಂಟೆ. ಕುಕ್ಕರ್ ತಂದುಕೊಡಲಾ ಅಂದೆ, ನಕ್ಕುಬಿಟ್ಟರು. ನೀರು ಇಂಗಿದರೆ ಬಿಸಿನೀರನ್ನೇ ಹಾಕಬೇಕಂತೆ. ಕಾಳು ಮೆತ್ತಗಾದ ಮೇಲೆ ಬೇಕನ್ (ಉಪ್ಪು ಹಾಕಿ ಹದ ಮಾಡಿದ ಹಂದಿಮಾಂಸ), ಚೊರಿಸೊ (ಮಸಾಲೆ ಹಾಕಿದ ಹಂದಿಮಾಂಸದ ಸಾಸೇಜ್), ಟೊಮೆಟೊ, ಹಸಿಮೆಣಸಿನಕಾಯಿ ಹುರಿದು ಸುರಿಯುತ್ತಾರೆ, ಮೇಲೆ ಒಂದು ಹಿಡಿ ಕೊತ್ತಂಬರಿ. ಇದೇ ಫ್ರಿಹೋಲೆಸ್ ಚಾರ್ರೋಸ್. ನಾನು ಮಾಂಸ ತಿನ್ನಲ್ಲ ಅಂತ ಅದಕ್ಕೂ ಮುಂಚೆಯೇ ಒಂದು ಬಟ್ಟಲು ತೆಗೆದಿಡುತ್ತಾರೆ. ನನ್ನ ಪ್ರಕಾರ ಅಸಲಿ ರುಚಿ ಆ ಕಟ್ಟಿನಲ್ಲೇ ಇದೆ!

ಹೇಳದೆ ಯಾರಾದರೂ ಬಂದರೆ ‘ಬೀನ್ಸ್‌ಗೆ ಇನ್ನಷ್ಟು ನೀರು ಹಾಕಿ’ ಅನ್ನೋದು ಮೆಕ್ಸಿಕೋದವರ ಮಾತು. ನಮ್ಮಮ್ಮನೂ ಸಾರಿಗೆ ಸುಮ್ನೆ ಒಂದು ಚೊಂಬು ನೀರು ಬೆರೆಸೋರು. ಆದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.