ವಿಯೆಟ್ನಾಂಗೆ ಹೊರಟಿದ್ದೀರಾ? ಮೊದಲು ನೋಟಿನ ಬಣ್ಣ ನೋಡಿಕೊಳ್ಳಿ

ವಿಯೆಟ್ನಾಂಗೆ ಹೋಗುವವರು ನನ್ನನ್ನು ಮೊದಲು ಕೇಳುವುದೇ ‘ದುಡ್ಡು ಬದಲಿಸೋಕೆ ಒಳ್ಳೇ ರೇಟ್ ಎಲ್ಲಿ ಸಿಗುತ್ತೆ?’ ಅಂತ. ನಾಲ್ಕು ಕೌಂಟರ್ ಸುತ್ತಿ ರೇಟಿನಲ್ಲಿ ಉಳಿಸುವ ದುಡ್ಡು ಒಂದು ಕಾಫಿಗೆ ಆದೀತು, ಅಷ್ಟೇ. ಅಲ್ಲಿ ದುಡ್ಡು ಜಾಸ್ತಿ ಹೋಗುವುದು ಸೊನ್ನೆಗಳ ಗೊಂದಲದಲ್ಲಿ, ಅವಸರದಲ್ಲಿ ನೋಟು ಚಾಚುವಾಗ.

ಅಲ್ಲಿನ ಹಣ ಡಾಂಗ್. ಒಂದು ಡಾಲರಿಗೆ 25 ಸಾವಿರಕ್ಕೂ ಮೇಲೆ ಬರುತ್ತದೆ. ನಾನೂರು ಡಾಲರ್ ಕೊಟ್ಟರೆ ನೀವು ಕೋಟ್ಯಧಿಪತಿ! ರೂಪಾಯಿ ಲೆಕ್ಕಕ್ಕೆ ಕೊನೆಯ ಮೂರು ಸೊನ್ನೆ ಬಿಟ್ಟು, ಉಳಿದದ್ದನ್ನು ಮೂರೂವರೆಯಿಂದ ಗುಣಿಸಿ. ಒಂದು ಲಕ್ಷ ಡಾಂಗ್ ಅಂದರೆ ಮುನ್ನೂರೈವತ್ತು ರೂಪಾಯಿಯ ಆಸುಪಾಸು. ಅಂಗಡಿಯವರೂ ಆ ಮೂರು ಸೊನ್ನೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಮೆನುವಿನಲ್ಲಿ ‘50ಕೆ’ ಅಂತಿದ್ದರೆ ಐವತ್ತು ಸಾವಿರ. ಅನುಮಾನ ಬಂದರೆ ಕ್ಯಾಲ್ಕ್ಯುಲೇಟರಿನಲ್ಲಿ ಒತ್ತಿ ತೋರಿಸಿ ಎನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ನೋಟುಗಳು. ನಾಣ್ಯ ಬಳಕೆಯಲ್ಲಿಲ್ಲ, ಎಲ್ಲಕ್ಕೂ ನೋಟೇ. ಎಲ್ಲದರ ಮೇಲೂ ಅವರ ರಾಷ್ಟ್ರನಾಯಕ ಹೊ ಚಿ ಮಿನ್ ಮುಖ. 20 ಸಾವಿರದ್ದೂ ನೀಲಿ, 5 ಲಕ್ಷದ್ದೂ ನೀಲಿ. ಮಂದ ಬೆಳಕಿನಲ್ಲಿ 10 ಸಾವಿರ, 2 ಲಕ್ಷದ ನೋಟುಗಳೂ ಒಂದೇ ತರಹ ಕಂದು ಕಾಣುತ್ತವೆ. 10 ಸಾವಿರದಿಂದ ಮೇಲಿನವು ಪ್ಲಾಸ್ಟಿಕ್ ನೋಟು. ಹೊಸದಾದರೆ ಒಂದಕ್ಕೊಂದು ಅಂಟಿಕೊಂಡು ಎರಡು ಒಟ್ಟಿಗೇ ಹೋಗಿಬಿಡುತ್ತವೆ. ಬೆರಳಲ್ಲಿ ಉಜ್ಜಿ ಎಣಿಸಿ.

ಹೋಯ್ ಆನ್ ಎಂಬ ಹಳೇ ಊರಿನಲ್ಲಿ ಜಪಾನಿ ಸೇತುವೆಯ ಹತ್ತಿರ ಜೊತೆಗಿದ್ದ ಗೆಳೆಯ ನೀರಿನ ಬಾಟಲಿ ಕೊಂಡು ನೀಲಿ ನೋಟು ಚಾಚಿದ. ಮಾರುತ್ತಿದ್ದ ಅಜ್ಜಿ ನೋಟು ನೋಡಿದರು, ಅವನ ಮುಖ ನೋಡಿದರು, ಜೋರಾಗಿ ನಕ್ಕರು. ಡಬ್ಬಿಯಿಂದ ತಮ್ಮದೇ ಒಂದು 20 ಸಾವಿರದ ನೋಟು ತೆಗೆದು, ಅದರ ಹಿಂದಿನ ಚಿತ್ರದ ಮೇಲೆ ಬೆರಳಿಟ್ಟು, ಎದುರಿಗಿದ್ದ ಸೇತುವೆಯತ್ತ ಕೈ ತೋರಿಸಿದರು. ಆ ನೋಟಿನ ಮೇಲಿರುವುದು ಅದೇ ಸೇತುವೆ! ಅವನು ಕೊಟ್ಟಿದ್ದು 5 ಲಕ್ಷದ್ದು. ಅಜ್ಜಿ ಅದನ್ನು ವಾಪಸ್ ಅವನ ಕೈಗಿಟ್ಟರು. ಚಿತ್ರ ನೋಡಿ ಗುರುತಿಟ್ಟುಕೊಳ್ಳುವುದು ನಿಜಕ್ಕೂ ಸುಲಭ: ಸೇತುವೆ ಇದ್ದರೆ 20 ಸಾವಿರ, ಹಾ ಲಾಂಗ್ ಕೊಲ್ಲಿಯ ಬಂಡೆ ಇದ್ದರೆ 2 ಲಕ್ಷ.

ಎಲ್ಲರೂ ಆ ಅಜ್ಜಿಯ ಹಾಗಿರುವುದಿಲ್ಲ ಅಲ್ವಾ? ಕೆಲವು ಟ್ಯಾಕ್ಸಿಯವರ ಹಳೇ ಆಟವೊಂದಿದೆ. ನೀವು 5 ಲಕ್ಷದ ನೋಟು ಕೊಡುತ್ತೀರಿ, ಕ್ಷಣದಲ್ಲಿ ಅವರ ಕೈಯಲ್ಲಿ 20 ಸಾವಿರದ್ದು ಇರುತ್ತದೆ, ‘ನೀವು ಕೊಟ್ಟಿದ್ದು ಇದೇ’ ಅನ್ನುತ್ತಾರೆ. ಅದಕ್ಕೇ ನೋಟು ಕೈಬಿಡುವ ಮೊದಲು ಎತ್ತಿ ತೋರಿಸಿ, ಮೊತ್ತವನ್ನು ಬಾಯಿಬಿಟ್ಟು ಹೇಳಿ. ಲಕ್ಷದ ಮೇಲಿನ ನೋಟು ಒಳಗಿನ ಚೀಲದಲ್ಲಿರಲಿ, ಚಿಲ್ಲರೆ ಮಾತ್ರ ಜೇಬಿನಲ್ಲಿ.

ಇಲ್ಲಿಂದಲೇ ಡಾಂಗ್ ಕೊಂಡು ಹೋಗಬೇಡಿ, ರೂಪಾಯಿ ಒಯ್ದು ಅಲ್ಲಿ ಬದಲಿಸುತ್ತೇನೆ ಎಂದೂ ಹೊರಡಬೇಡಿ. ಡಾಲರ್ ಒಯ್ಯಿರಿ. ನೂರರ ನೋಟಿಗೆ ಒಳ್ಳೇ ರೇಟು, ಸಣ್ಣ ನೋಟಿಗೆ ಕಡಿಮೆ. ಪೆನ್ನಿನ ಗೀಟು, ಹರಿದ ಅಂಚು ಇದ್ದರೆ ಮುಖ ಸಿಂಡರಿಸಿ ವಾಪಸ್ ಕೊಡುತ್ತಾರೆ. ಇಲ್ಲಿ ಕೊಳ್ಳುವಾಗಲೇ ಒಂದೊಂದನ್ನೂ ತಿರುಗಿಸಿ ನೋಡಿ, ಮಡಚದೆ ಪುಸ್ತಕದ ನಡುವೆ ಇಟ್ಟುಕೊಳ್ಳಿ.

ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿಗೆ, ಮೊದಲ ದಿನದ ಊಟಕ್ಕೆ ಆಗುವಷ್ಟು ಬದಲಿಸಿ ಸಾಕು. ಉಳಿದದ್ದನ್ನು ಊರೊಳಗೆ ಬ್ಯಾಂಕಿನಲ್ಲಿ ಮಾಡಿಸಿ. ಪಾಸ್‌ಪೋರ್ಟ್ ಕೇಳುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಭಾನುವಾರ ರಜ, ಅವರ ಹೊಸವರ್ಷವಾದ ಟೆಟ್ ಹಬ್ಬದಲ್ಲಂತೂ ದಿನಗಟ್ಟಲೆ ಮುಚ್ಚಿರುತ್ತವೆ. ಚಿನ್ನದಂಗಡಿಗಳಲ್ಲಿ ರೇಟು ಚೆನ್ನಾಗಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹನೋಯ್‌ನ ಹಾ ಟ್ರುಂಗ್ ಬೀದಿ ಅದಕ್ಕೇ ಹೆಸರಾಗಿದೆ. ಆದರೆ ಪರವಾನಗಿ ಇಲ್ಲದ ಅಂಗಡಿಯಲ್ಲಿ ಬದಲಿಸುವುದು ಕಾನೂನಿಗೆ ವಿರುದ್ಧ. 2018ರಲ್ಲಿ ಕಾನ್ ಥೋ ನಗರದಲ್ಲಿ ಬರೀ ನೂರು ಡಾಲರ್ ಬದಲಿಸಿದ ಒಬ್ಬ ಎಲೆಕ್ಟ್ರಿಷಿಯನ್‌ಗೆ 9 ಕೋಟಿ ಡಾಂಗ್ ದಂಡ ಹಾಕಿದ್ದರು. ದೊಡ್ಡ ಗಲಾಟೆಯಾಗಿ ಆಮೇಲೆ ಅದನ್ನು ಮನ್ನಾ ಮಾಡಿದರು. ಅಷ್ಟು ಚಿಲ್ಲರೆ ಲಾಭಕ್ಕೆ ಸುಮ್ನೆ ಯಾಕೆ ಆ ತಲೆನೋವು? ನನ್ನ ಓಟು ಬ್ಯಾಂಕಿಗೆ.

ಎಟಿಎಂನಲ್ಲಿ ಒಂದು ಸಲಕ್ಕೆ ಇಂತಿಷ್ಟೇ ಎಂಬ ಮಿತಿ ಇದೆ. ಎಷ್ಟೋ ಕಡೆ 20ರಿಂದ 50 ಲಕ್ಷ ಡಾಂಗ್. ಪ್ರತಿ ಸಲವೂ ಶುಲ್ಕ ಬೀಳುವುದರಿಂದ ಚೂರು ಚೂರೇ ತೆಗೆಯಬೇಡಿ. ‘ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲೇ?’ ಎಂದು ಮೆಷಿನ್ ಕೇಳಿದರೆ ಬೇಡ ಎಂದು ಒತ್ತಿ. ಹೂಂ ಅಂದರೆ ಅವರ ರೇಟು, ಅದು ಯಾವಾಗಲೂ ನಮಗೆ ನಷ್ಟವೇ. ಹೋಟೆಲು, ಮಾಲ್‌ಗಳಲ್ಲಿ ಕಾರ್ಡ್ ನಡೆಯುತ್ತದೆ, ಕೆಲವರು ಮೇಲೊಂದಿಷ್ಟು ಪರ್ಸೆಂಟ್ ಸೇರಿಸುತ್ತಾರೆ, ಮೊದಲೇ ಕೇಳಿ. ಗಾಡಿ ಅಂಗಡಿಗಳಲ್ಲೂ ಕ್ಯೂಆರ್ ಕೋಡ್ ಕಾಣುತ್ತದೆ. ಅದು ಹೆಚ್ಚಾಗಿ ಅಲ್ಲಿನ ಬ್ಯಾಂಕ್ ಖಾತೆ ಇದ್ದವರಿಗೆ, ಅದನ್ನೇ ನಂಬಿಕೊಳ್ಳಬೇಡಿ.

ಉಳಿದ ಡಾಂಗನ್ನು ಹೊರಡುವ ಮೊದಲೇ ಖರ್ಚು ಮಾಡಿ, ಇಲ್ಲವೇ ಅಲ್ಲೇ ಬದಲಿಸಿ. ಬೇರೆ ದೇಶದಲ್ಲಿ ಅದನ್ನು ಕೊಳ್ಳುವವರು ಕಡಿಮೆ. ಮೊದಲು ಬದಲಿಸಿದಾಗ ಕೊಟ್ಟ ರಸೀದಿಯನ್ನು ಅದಕ್ಕಾಗಿ ಜೋಪಾನವಾಗಿಡಿ. ಒಂದೂವರೆ ಕೋಟಿ ಡಾಂಗ್ ಅಥವಾ 5,000 ಡಾಲರ್‌ಗಿಂತ ಜಾಸ್ತಿ ನಗದು ಕೈಯಲ್ಲಿದ್ದರೆ ಬರುವಾಗಲೂ ಹೋಗುವಾಗಲೂ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು.